ಸರಕಾರಕ್ಕಾಗಿ ಕವಿತೆ ಓದಿದ ವರ್ಷಗಳು

ಭಾಷಾಂತರ ಶಾಖೆಗೆ ಹೊಸದಾಗಿ ಸೇರಿದ ಹುಡುಗರು ಆಗಾಗ ಧಾರವಾಡದ ಮಾಳಮಡ್ಡಿಯ ನನ್ನ ಮನೆಗೆ ಬರುತ್ತಾರೆ. ಯಾವ ನಿಘಂಟು ಇಟ್ಟುಕೊಳ್ಳಬೇಕು, ಕಾಯದೆಯ ಶಬ್ದಗಳಿಗೆ ಕನ್ನಡದಲ್ಲಿ ಏನೆನ್ನಬೇಕು, ಮೇಲಿನವರು ಅವಸರ ಮಾಡಿದಾಗ ಹೇಗೆ ನಿಭಾಯಿಸಬೇಕು ಎಂದು ಕೇಳುತ್ತಾರೆ. ತಿಳಿದಷ್ಟು ಹೇಳುತ್ತೇನೆ. ಆದರೆ ಈ ನೌಕರಿಯಲ್ಲಿ ನಾನು ಬಹಳ ಕಾಲ ಮಾಡಿದ ಕೆಲಸ ಯಾವುದೆಂದು ಅವರಿಗೆ ಗೊತ್ತಿಲ್ಲ. ಬ್ರಿಟಿಷರ ಕಾಲದಲ್ಲಿ ನಮ್ಮ ಭಾಗದಲ್ಲಿ ಅಚ್ಚಾಗುತ್ತಿದ್ದ ಪತ್ರಿಕೆ, ನಾಟಕ, ಲಾವಣಿ, ಕವಿತೆಗಳನ್ನು ಓದುವುದು, ಅನುಮಾನ ಬಂದದ್ದನ್ನು ಇಂಗ್ಲಿಷಿಗೆ ಮಾಡುವುದು, ಅದರ ಕೆಳಗೆ ನನ್ನ ಅಭಿಪ್ರಾಯ ಬರೆದು ಸಾಹೇಬರಿಗೆ ಕಳಿಸುವುದು. ಅಭಿಪ್ರಾಯವೆಂದರೆ ಎರಡೇ ಬಗೆ: ಇದರಿಂದ ಉಪದ್ರವವಿದೆ, ಇದರಿಂದ ಉಪದ್ರವವಿಲ್ಲ. ಮೊದಲನೆಯದನ್ನು ಬರೆದರೆ ಯಾರದೋ ಮನೆಗೆ ಪೊಲೀಸರು ಹೋಗುತ್ತಿದ್ದರು. ಎರಡನೆಯದನ್ನು ಬರೆದರೆ ಯಾರಿಗೂ ಏನೂ ಆಗುವುದಿಲ್ಲವೆಂದು ನಾನು ಬಹಳ ದಿನ ನಂಬಿದ್ದೆ.

ನನ್ನ ಕಾಲೇಜಿನ ದಿನಗಳಿಂದಲೇ ಶುರು ಮಾಡಬೇಕು. ಇಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಧಾರವಾಡದ ಹುಡುಗರ ಬಾಯಲ್ಲಿ ಆಗ ಕವಿತೆಯೆಂದರೆ ಬೆಳಗು, ಹಕ್ಕಿ, ತಾಯಿನಾಡು. ಸಂಜೆ ಗುಡ್ಡದ ಮೇಲೆ ಕೂತು ಒಬ್ಬ ಹಾಡಿದರೆ ಉಳಿದವರು ದನಿಗೂಡಿಸುತ್ತಿದ್ದರು. ಅಂಥ ದಿನಗಳಲ್ಲಿ, ವಿಲಾಯತಿಯಲ್ಲಿ ಓದಿ ಬಂದಿದ್ದ ನಮ್ಮ ಇಂಗ್ಲಿಷ್ ಪ್ರೊಫೆಸರರು ಒಂದು ತೆಳ್ಳನೆಯ ಪುಸ್ತಕ ತಂದು ತರಗತಿಯಲ್ಲಿ ಓದಿದರು. ಮೊದಲ ಮಹಾಯುದ್ಧ ಮುಗಿದ ಮೇಲೆ ಅಲ್ಲಿಯ ಕವಿಗಳು ಬರೆದದ್ದು. ಪ್ರಾಸವಿಲ್ಲ. ಸಾಲು ನಡುವೆಯೇ ನಿಂತುಬಿಡುತ್ತದೆ. ಮಾತಾಡುತ್ತಿರುವವನು ಯಾರೆಂದು ತಿಳಿಯುವಷ್ಟರಲ್ಲಿ ಬೇರೊಬ್ಬ ಮಾತಾಡತೊಡಗುತ್ತಾನೆ. ದೇವರು, ದೇಶ, ಪ್ರೀತಿ ಯಾವುದರ ಹೆಸರು ಬಂದರೂ ಅದರ ಹಿಂದೆ ಒಣ ನಗೆಯೊಂದು ಕೇಳಿಸುತ್ತದೆ. ಜೈಕಾರ ಹಾಕಿ ಗಂಟಲು ಕಟ್ಟಿದ್ದ ನಮಗೆ ಇದೆಲ್ಲ ರೋಗಿಯ ಗೊಣಗಾಟದಂತೆ ಕಂಡಿತು.

ಹಿಂದಿನ ಬೆಂಚಿನಿಂದ ಒಬ್ಬ ಎದ್ದು ಕೇಳಿದ. "ಸರ್, ಲಡಾಯಿ ಗೆದ್ದವ್ರು ಇವ್ರು. ಗೆದ್ದವ್ರು ಯಾಕ ಅಳ್ತಾರ್ರಿ?"

ತರಗತಿ ನಕ್ಕಿತು. ಪ್ರೊಫೆಸರರು ನಗಲಿಲ್ಲ. "ಲಡಾಯಿಗೆ ಹೋಗಿ ಬಂದವ್ರನ್ನ ಕೇಳಬೇಕಪಾ ಅದನ್ನ," ಎಂದರು.

ಹಾಗೆ ಕೇಳಿದವನ ಹೆಸರು ಗುರುನಾಥ. ಊರ ಪಕ್ಕದ ಕೆಲಗೇರಿಯವನು, ಕೆರೆಯ ದಂಡೆಗೆ ಅವರ ಮನೆ. ಗಂಭೀರ ಸ್ವಭಾವ, ಮಾತು ಕಡಿಮೆ. ಆ ಪುಸ್ತಕವನ್ನು ಅವನು ಪ್ರೊಫೆಸರರಿಂದ ಕೇಳಿ ಇಸಿದುಕೊಂಡು ಹೋದದ್ದು ನನಗೆ ನೆನಪಿದೆ. ಪರೀಕ್ಷೆ ಮುಗಿದ ಮೇಲೆ ಅವನು ಧಾರವಾಡದ್ದೇ ಒಂದು ಶಾಲೆಯಲ್ಲಿ ಮಾಸ್ತರನಾದ. ನಾನು ಸರಕಾರಿ ಭಾಷಾಂತರಕಾರನಾದೆ.

ನಮ್ಮ ಶಾಖೆಯ ಮುಖ್ಯಸ್ಥರು ಬಾಪೂರಾಯರು. ಮೂಗಿಗೆ ನಶ್ಯ ಏರಿಸುತ್ತ, ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು ಓದುವ ಹಿರಿಯರು. ನಾನು ಸೇರಿದ ದಿನವೇ ಕೂಡಿಸಿಕೊಂಡು ಹೇಳಿದರು: "ಏನ್ ಬರದದ ಅಷ್ಟ ಇಂಗ್ಲಿಷಿಗೆ ಮಾಡು. ಬರದಂವಾ ಮನಸಿನ್ಯಾಗ ಏನ್ ಇಟ್ಕೊಂಡಾನ ಅಂತ ಹುಡುಕಲಿಕ್ಕೆ ಹೋಗಬ್ಯಾಡ. ಹುಡುಕಿದ್ರ ಸಿಗ್ತದ. ಅದ ತ್ರಾಸು."

ನಾನು ಹುಡುಕಿದೆ. ಒಕ್ಕಲುತನದ ಒಂದು ಮಾಸಿಕದಲ್ಲಿ ಪದ್ಯವೊಂದು ಬಂದಿತ್ತು. ಜೋಳದ ಹೊಲದಲ್ಲಿ ಬಿಳಿ ಹೂವಿನ ಕಸವೊಂದು ಹುಟ್ಟುತ್ತದೆ, ನೋಡಲು ಚೆಂದ, ಆದರೆ ಅದರ ಬೇರು ಜೋಳದ ಬೇರಿಗೆ ಹತ್ತಿ ಹೀರುತ್ತದೆ, ಹೂವು ಬಿಡುವ ಮೊದಲೇ ಕಿತ್ತು ಒಗೆಯಿರಿ ಎಂದು ಅದರ ಸಾರ. ಬಿಳಿ ಬಣ್ಣ ನೋಡಿ ನನ್ನ ತಲೆ ಓಡಿತು. ಇದು ರೈತರ ಪದ್ಯವಲ್ಲ, ಬಿಳಿಯರನ್ನು ಕಿತ್ತೊಗೆಯಲು ಕೊಟ್ಟ ಕರೆ ಎಂದು ಪುಟಗಟ್ಟಲೆ ವ್ಯಾಖ್ಯಾನ ಬರೆದೆ. ಸಂಪಾದಕನಿಗೆ ನೋಟೀಸು ಹೋಯಿತು. ಅವನು ಬರುವಾಗ ಮಣ್ಣು ಮೆತ್ತಿದ ಗಿಡವೊಂದನ್ನು ಬುಡಸಹಿತ ಕಿತ್ತು ತಂದು ಸಾಹೇಬರ ಮೇಜಿನ ಮೇಲೆ ಇಟ್ಟ. ಬಿಳಿ ಹೂವು, ಜೋಳದ ಬೇರಿಗೆ ಹೆಣೆದುಕೊಂಡ ಅದರ ಬೇರು. ಸಾಹೇಬರು ನಕ್ಕು ಅವನನ್ನು ಬಿಟ್ಟರು, ನನ್ನನ್ನು ಕರೆಸಿ ಬೈದರು. ಹೊರಗೆ ಪಡಸಾಲೆಯಲ್ಲಿ ಚಪ್ಪಲಿ ಮೆಟ್ಟುತ್ತಿದ್ದ ಆ ಸಂಪಾದಕ ನನ್ನ ಕಿವಿಯ ಹತ್ತಿರ ಬಗ್ಗಿ ಹೇಳಿದ: "ನೀವು ಓದಿದ್ದು ತಪ್ಪೇನಲ್ಲರಿ, ರಾಯರ."

ಆ ಮಾತು ಕೇಳಿ ನನಗೆ ಹೆಮ್ಮೆಯೂ ಆಯಿತು, ನಾಚಿಕೆಯೂ ಆಯಿತು. ಸರಿಯಾಗಿ ಓದಿದ್ದಕ್ಕೆ ನನಗೆ ಬೈಗಳು ಸಿಕ್ಕಿತ್ತು. ಸರಿಯಾಗಿ ಓದಿದ್ದಕ್ಕೆ ಅವನು ಜೇಲಿಗೂ ಹೋಗಬಹುದಾಗಿತ್ತು. ಅಂದಿನಿಂದ ಬಾಪೂರಾಯರ ಮಾತು ಹಿಡಿದು ನಡೆದೆ.

ಎರಡನೆಯ ಮಹಾಯುದ್ಧ ಶುರುವಾದ ಮೇಲೆ ಕೆಲಸದ ರೀತಿಯೇ ಬದಲಾಯಿತು. ಮೊದಲು ಕೈಬರಹದಲ್ಲಿ ಒಂದೇ ವರದಿ ಬರೆದು ಕೊಡುತ್ತಿದ್ದೆವು. ಅದು ಸಾಹೇಬರ ಪೆಟ್ಟಿಗೆ ಸೇರಿ ಮಲಗುತ್ತಿತ್ತು. ಈಗ ಟೈಪ್‌ರೈಟರು, ಕಾರ್ಬನ್ ಕಾಗದ ಬಂದವು. ವರದಿಯ ಪ್ರತಿಗಳು ಯಾವ ಯಾವ ಇಲಾಖೆಗೆ, ಯಾರ ಯಾರ ಕೈಗೆ ಹೋಗುತ್ತವೆಂದು ಬರೆದವನಿಗೇ ತಿಳಿಯದಂತಾಯಿತು. ಇನ್ನೂ ದೊಡ್ಡ ಬದಲಾವಣೆಯೊಂದಿತ್ತು. ಅಲ್ಲಿಯವರೆಗೆ ನಾವು ಬರಹಗಳಲ್ಲಿ ಹುಡುಕುತ್ತಿದ್ದುದು ಸಿಟ್ಟನ್ನು. ಈಗ ನಿರಾಶೆಯನ್ನೂ ಹುಡುಕಬೇಕೆಂದು ಸೂಚನೆ ಬಂತು. ಜನರ ಎದೆಗುಂದಿಸುವ, ಸೈನ್ಯಕ್ಕೆ ಸೇರುವ ಹುಡುಗರ ಮನಸ್ಸು ಹಿಂದೆಗೆಯುವ ಹಾಗೆ ಮಾಡುವ ಬರಹವೂ ಅಪರಾಧ.

"ದುಃಖಪಡಲಿಕ್ಕೂ ಈಗ ಪರವಾನಗಿ ಬೇಕು," ಎಂದರು ಬಾಪೂರಾಯರು, ನಶ್ಯದ ಡಬ್ಬಿ ಮುಚ್ಚುತ್ತ.

ಆ ಹೊಸ ಸೂಚನೆ ಬಂದ ಕೆಲವು ತಿಂಗಳ ಮೇಲೆ, ಹುಬ್ಬಳ್ಳಿಯಿಂದ ಹೊರಡುತ್ತಿದ್ದ ಸಣ್ಣ ಮಾಸಿಕವೊಂದರ ಸಂಚಿಕೆ ನನ್ನ ಮೇಜಿಗೆ ಬಂತು. ಸೈನ್ಯಭರ್ತಿಯ ಕೆಲಸದಲ್ಲಿದ್ದ ಯಾರೋ ಅದರ ಒಂದು ಪುಟಕ್ಕೆ ಕೆಂಪು ಗೆರೆ ಎಳೆದು ಕಳಿಸಿದ್ದರು. ಕವಿತೆಯ ಹೆಸರು 'ಬಂದವರು'. ಕೆಳಗೆ ಗುರುನಾಥನ ಹೆಸರಿತ್ತು.

ಬಂದೆವು.
ಚೀಲ ಇಳಿಸಿಕೊಂಡ ಹಾಗೆ ಊರು ನಮ್ಮನ್ನು ಇಳಿಸಿಕೊಂಡಿತು.
ಹಾಡು ಎಂದರು. ಬಾಯಿ ತೆರೆದೆವು,
ಉಸುಕು ಬಿತ್ತು.
ಬಾವಿಯಲ್ಲಿ ನೀರಿತ್ತು, ಕುಡಿದೆವು.
ನೀರು ಇಲ್ಲಿಯದು.
ನೀರಡಿಕೆ ಅಲ್ಲಿಯದು.

ಇನ್ನೂ ಉದ್ದವಿತ್ತು, ಮುಂದೆ ಕುಡಿಯಲಾಗದ ಹೊಳೆಯೊಂದರ ಮಾತೂ ಬರುತ್ತಿತ್ತು. ನನಗೆ ಬಾಯಿಪಾಠವಾಗಿ ಉಳಿದದ್ದು ಇಷ್ಟು. ಕನ್ನಡದಲ್ಲಿ ಆಗ ಹೀಗೆ ಯಾರೂ ಬರೆಯುತ್ತಿರಲಿಲ್ಲ. ಓದಿದ ಕೂಡಲೇ ಕಾಲೇಜಿನ ಆ ತರಗತಿ, ಆ ತೆಳ್ಳನೆಯ ಪುಸ್ತಕ ಕಣ್ಣಿಗೆ ಕಟ್ಟಿತು. ಬಾಪೂರಾಯರಿಗೆ ತೋರಿಸಿದೆ.

"ಪ್ರಾಸ ಇಲ್ಲ, ಛಂದಸ್ಸು ಇಲ್ಲ," ಎಂದರು. ಮತ್ತೊಮ್ಮೆ ಓದಿದರು. "ಆದ್ರೂ ಇದು ಮನಸಿನ್ಯಾಗಿಂದ ಹೋಗೂದಿಲ್ಲ ನೋಡು. ಅದ ಇದರ ಉಪದ್ರವ."

ಸಾಹೇಬರ ಪ್ರಶ್ನೆಗಳು ಟೈಪಾಗಿ ಬಂದಿದ್ದವು. ಈ 'ನಾವು' ಯಾರು? ಯಾವ ಯುದ್ಧ? ಬರೆದವನ ಉದ್ದೇಶವೇನು? ಅರ್ಥ ಸ್ಪಷ್ಟವಿಲ್ಲದಾಗ ಬರೆದವನನ್ನೇ ಕಂಡು ಕೇಳಲು ನಮಗೆ ಅನುಮತಿಯಿತ್ತು. ಮುಂದಿನ ರವಿವಾರ ಕೆಲಗೇರಿಗೆ ಹೋದೆ.

ಗುರುನಾಥ ಅಂಗಳದಲ್ಲೇ ಇದ್ದ. ನನ್ನನ್ನು ನೋಡಿ ಆಶ್ಚರ್ಯವನ್ನೇನೂ ತೋರಿಸಲಿಲ್ಲ. "ಬರ್ರಿ ರಾಯರ. ನೀವು ಬರೂದು ಗೊತ್ತಿತ್ತು," ಎಂದ. "ಕವಿತಾ ಅಚ್ಚಾಗಿ ಎರಡ ತಿಂಗಳಾತು. ಅದರ ಬಗ್ಗೆ ಮಾತಾಡಾಕ ಅಂತ ನಮ್ಮನಿಗೆ ಬಂದವ್ರು ನೀವ ಮೊದಲಿಗ್ರು."

"'ನಾವು' ಅಂತ ಬರದೀರಲ್ಲ, ಅದು ಯಾರು?" ಎಂದು ಕೇಳಿದೆ. ನನ್ನ ದನಿ ನನಗೇ ಕಚೇರಿಯ ದನಿಯಂತೆ ಕೇಳಿಸಿತು.

ಅವನು ಕಟ್ಟೆಯ ಕಡೆ ನೋಡಿದ. ಅಲ್ಲಿ ಅವನ ಅಣ್ಣ ಬಸಪ್ಪ ಕೂತಿದ್ದ. ಐವತ್ತರ ಹತ್ತಿರದ ವಯಸ್ಸು, ಆದರೆ ಕುತ್ತಿಗೆ ಬಾಗಿ ಇನ್ನೂ ಮುದುಕನಂತೆ ಕಾಣುತ್ತಿದ್ದ. ಮೊದಲ ಯುದ್ಧದಲ್ಲಿ ಹೇಸರಗತ್ತೆಗಳನ್ನು ಹೊಡೆಯುವ ಕೆಲಸಕ್ಕೆ ದಂಡಿನ ಜೊತೆ ಮೆಸೊಪೊಟೇಮಿಯಾದ ಬಸರಾಕ್ಕೆ ಹೋಗಿ ಕಾಲಿಗೆ ಪೆಟ್ಟು ತಿಂದು ಬಂದವನು ಎಂದು ಗುರುನಾಥ ಹೇಳಿದ. ಆ ಕಾಲಿಗಾಗಿ ಸರಕಾರದಿಂದ ಸಣ್ಣ ಪಿಂಚಣಿ ಬರುತ್ತಿತ್ತು. ನನಗೆ ಕಾಲೇಜಿನ ಆ ಪ್ರಶ್ನೆ ಆಗ ಅರ್ಥವಾಯಿತು. ಗೆದ್ದವನೊಬ್ಬನನ್ನು ಮನೆಯಲ್ಲಿಟ್ಟುಕೊಂಡು ಅವನು ಅದನ್ನು ಕೇಳಿದ್ದ.

ನಾನು ಹೋಗಿ ಬಸಪ್ಪನ ಪಕ್ಕದಲ್ಲಿ ಕೂತೆ.

"ಮತ್ತ ಲಡಾಯಿ ಹತ್ತೇತಂತಲ್ಲರಿ?" ಎಂದ. "ಬಸರಾದಾಗೂ ಹತ್ತೇತೇನ್ರಿ?"

"ಆ ಕಡೆನೂ ದಂಡು ಹೋಗ್ಯಾವಂತ್ರಿ."

ಅವನು ಕೆರೆಯ ಕಡೆ ತಿರುಗಿದ. "ಅಲ್ಲಿ ಹೊಳಿ ಐತಿರಿ. ನಮ್ಮ ಕೆರಿಗಿಂತ ಅಗಲ. ಹೊಳಿ ತುಂಬ ಹೆಣ, ಹೇಸರಗತ್ತಿ ಸತ್ತು ಉಬ್ಬಿ ತೇಲತಿದ್ವು. ಮಂದಿ ದಂಡಿಗೆ ಕುಂತು ನೀರ ನೋಡೂದು. ಕುಡದವ್ರೂ ಸತ್ರು, ಕುಡೀಲಾರದವ್ರೂ ಸತ್ರು." ಕೈಯಿಂದ ಮೊಣಕಾಲು ಒರೆಸಿಕೊಂಡ. "ಊರಿಗೆ ಬಂದ್ನಿರಿ. ಬಸಪ್ಪ ಬಂದಾನ, ಭಜನಿ ಹೇಳ್ಸೂಣು ಅಂದ್ರು. ಮೊದಲ ನಾ ಛಲೋ ಹಾಡತಿದ್ನಿ. ಬಾಯಿ ತಗದ್ರ ಬಾಯಾಗ ಉಸಕ ತುಂಬಿದಂಗ ಆತ್ರಿ. ಎದ್ದು ಬಂದ್ನಿ."

ಕವಿತೆಯ ಸಾಲುಗಳು ಒಂದೊಂದಾಗಿ ಅವನ ಬಾಯಿಂದಲೇ ಬಂದವು.

ಹಿಂದಿರುಗುವಾಗ ಗುರುನಾಥ ಕೆರೆಯ ಏರಿಯ ಮೇಲೆ ನನ್ನ ಜೊತೆ ನಡೆದ. "ನಮ್ಮಣ್ಣ ನಾ ಸಣ್ಣಾಂವ ಇದ್ದಾಗಿಂದ ಇದನ್ನ ಹೇಳಾಕತ್ತಾನ್ರಿ," ಎಂದ. "ಮನ್ಯಾಗ ಯಾರೂ ಕೇಳೂದಿಲ್ಲ. ನಾನೂ ಕೇಳ್ತಿದ್ದಿಲ್ಲ. ಮತ್ತ ಸುರು ಮಾಡಿದಾ ಅಂತ ಎದ್ದು ಹೋಗ್ತಿದ್ನಿ. ಆ ಪುಸ್ತಕಾ ಓದಿದ್ನೆಲ್ಲಾ, ಅವತ್ತು ಸಂಜಿಕ ಮನಿಗೆ ಬಂದ್ನಿ, ಅಣ್ಣ ಹಂಗ ಕುಂತು ಮಾತಾಡಾಕತ್ತಿದ್ದ. ಮೊದಲನೇ ಸಲ ನನಗ ಕೇಳಿಸಿತು."

ಒಂದು ದೇಶದ ಕಾವ್ಯ ಇನ್ನೊಂದು ದೇಶದ ಕಾವ್ಯದ ಮೇಲೆ ಬೀರುವ ಪ್ರಭಾವದ ಬಗ್ಗೆ ಆಮೇಲೆ ನಾನು ಬಹಳ ಲೇಖನಗಳನ್ನು ಓದಿದ್ದೇನೆ. ಗುರುನಾಥ ಆ ಸಂಜೆ ಹೇಳಿದ್ದು ಅವುಗಳಲ್ಲಿ ಎಲ್ಲಿಯೂ ಇಲ್ಲ. ಅವನು ಆ ಪುಸ್ತಕದಿಂದ ಒಂದು ಮಾತನ್ನೂ ತೆಗೆದುಕೊಂಡಿರಲಿಲ್ಲ. ಅದು ಅವನಿಗೆ ಅಣ್ಣನ ಮಾತು ಕೇಳುವ ಕಿವಿ ಕೊಟ್ಟಿತ್ತು.

"ವರದಿ ಏನಂತ ಬರೀಲಿ?" ಎಂದು ಕೇಳಿದೆ.

"ಖರೇ ಇದ್ದದ್ದು ಬರೀರಿ. ನಮ್ಮಣ್ಣನ ಮಾತು, ನಾ ಬರ್ಕೊಂಡೇನಿ ಅಂತ ಬರೀರಿ. ಜೇಲಿಗೆ ಹಾಕೂದಿದ್ರ ಹಾಕಲಿ."

"ಅಣ್ಣನ ಪಿಂಚಣಿ?"

ಅವನು ನಡೆಯುವುದನ್ನು ನಿಲ್ಲಿಸಿದ. ಅಷ್ಟರಲ್ಲಿ ಬಸಪ್ಪನ ಹೆಂಡತಿ ನೀಲವ್ವ ಹಿಂದಿನಿಂದ ಅವಸರದಿಂದ ಬಂದಳು. ಮೈದುನನ ಮುಖ ನೋಡದೆ ನನಗೇ ಕೇಳಿದಳು: "ಯಪ್ಪಾ, ಇವ್ರನ್ನ ಕಚೇರಿಗೆ ಕರದು ಏನರ ಕೇಳ್ತಾರೇನ್ರಿ? ಟೊಪಗಿ ಹಾಕ್ಕೊಂಡವ್ರನ್ನ ನೋಡಿದ್ರ ಇವ್ರಿಗೆ ಕೈಕಾಲು ನಡಗತಾವ್ರಿ. ಹೋದ ವರ್ಷ ಖಾನೇಸುಮಾರಿಯವ್ರು ಮಂದಿ ಎಣಸಾಕ ಬಂದಾಗ ಎರಡ ದಿನಾ ಕೂಳ ಮುಟ್ಟಲಿಲ್ಲ."

"ಇಲ್ಲವಾ, ಯಾರೂ ಕರಿಯೂದಿಲ್ಲ," ಎಂದೆ. ಹಾಗೆ ಹೇಳಿದ ಗಳಿಗೆಯಲ್ಲೇ ನನ್ನ ವರದಿ ತಯಾರಾಯಿತೆನ್ನಬೇಕು.

ನಿಜ ಬರೆದರೆ ಏನಾಗುತ್ತಿತ್ತು? ಸರಕಾರದ ದಂಡಿನಲ್ಲಿ ದುಡಿದು ಕಾಲಿಗೆ ಪೆಟ್ಟು ತಿಂದವನೊಬ್ಬ ಸರಕಾರದ ಯುದ್ಧದ ಬಗ್ಗೆ ಹೀಗೆ ಹೇಳುತ್ತಾನೆ, ಅವನ ತಮ್ಮ ಮಾಸ್ತರ ಅದನ್ನು ಅಚ್ಚು ಹಾಕಿಸುತ್ತಾನೆ. ಸೈನ್ಯಭರ್ತಿ ನಡೆದಿದ್ದ ಆ ದಿನಗಳಲ್ಲಿ ಇಬ್ಬರನ್ನೂ ಬಿಡುತ್ತಿರಲಿಲ್ಲ. ಬಾಪೂರಾಯರ ಮುಂದೆ ಎಲ್ಲವನ್ನೂ ಹೇಳಿದೆ.

"ಸರಕಾರಕ್ಕ ಅರ್ಥ ಬೇಕಾಗಿಲ್ಲೋ ಮಾರಾಯಾ," ಎಂದರು. "ಕಾಗದಾ ಮುಚ್ಚಿಡಲಿಕ್ಕೆ ಒಂದು ವಾಕ್ಯ ಬೇಕಾಗೇದ. ಅದನ್ನ ಕೊಡು."

ಕೊಟ್ಟೆ. ಕಳೆದ ಯುದ್ಧದ ಮೇಲೆ ಇಂಗ್ಲಿಷ್ ಕವಿಗಳಲ್ಲಿ ವಿಷಾದದ ಒಂದು ರೂಢಿ ಹುಟ್ಟಿತು. ನಮ್ಮ ಕಾಲೇಜು ಕಲಿತ ತರುಣರು ಅದನ್ನು ಪುಸ್ತಕದಿಂದ ಎತ್ತಿಕೊಂಡಿದ್ದಾರೆ. ಈ ಕವಿತೆಯ 'ನಾವು' ಎಂಬುದು ಪುಸ್ತಕದೊಳಗಿನ 'ನಾವು', ಈ ದೇಶದ ಯಾವ ಸಿಪಾಯಿಗೂ ಸಂಬಂಧಿಸಿದ್ದಲ್ಲ. ಸಾಮಾನ್ಯ ಓದುಗರಿಗೆ ಇದು ತಿಳಿಯುವಂಥದ್ದೂ ಅಲ್ಲ. ಪರಕೀಯ ಕಾವ್ಯದ ನಿರುಪದ್ರವಿ ಅನುಕರಣೆ. ಹೀಗೆ ಬರೆದೆ. ಜೊತೆಗೆ ಕವಿತೆಯ ಭಾಷಾಂತರವನ್ನೂ ಇಟ್ಟೆ. ಭಾಷಾಂತರದಲ್ಲಿ ಮಾತ್ರ ಮೋಸ ಮಾಡಲಿಲ್ಲ. ನನ್ನ ನೌಕರಿಯಲ್ಲಿ ಅಷ್ಟು ಶ್ರದ್ಧೆಯಿಂದ ಮತ್ತೇನನ್ನೂ ಭಾಷಾಂತರಿಸಿಲ್ಲ.

ಸಾಹೇಬರು ಕರೆಸಿದರು. ಇವರು ಹಿಂದೆ ನನ್ನನ್ನು ಬೈದ ಸಾಹೇಬರಲ್ಲ, ಯುದ್ಧ ಶುರುವಾಗುವ ಮುಂಚೆ ಅವರ ಜಾಗಕ್ಕೆ ಬಂದವರು. ಎಡಗೈಯಲ್ಲಿ ಎರಡು ಬೆರಳು ಇರಲಿಲ್ಲ. ನನ್ನ ಭಾಷಾಂತರ ಅವರ ಮುಂದಿತ್ತು.

"ನೀವು ಹೇಳುವ ಕವಿಗಳನ್ನು ನಾನು ಓದಿದ್ದೇನೆ," ಎಂದು ಇಂಗ್ಲಿಷಿನಲ್ಲಿ ಹೇಳಿದರು. "ಕೆಲವರನ್ನು ಬಲ್ಲೆ. ನೀರಡಿಕೆಯ ಈ ಸಾಲು ಯಾರದು?"

"ನೇರವಾಗಿ ಯಾರದೂ ಅಲ್ಲ. ಆ ಧಾಟಿಯದು."

"ಧಾಟಿ," ಎಂದರು. ಕಾಗದದ ಮೇಲೆ ಆ ಎಡಗೈ ಇಟ್ಟುಕೊಂಡು ಕಿಟಕಿಯ ಕಡೆ ನೋಡಿದರು. "ಆ ಕವಿಗಳು ಫ್ರಾನ್ಸಿನ ಕೆಸರನ್ನು ನೋಡಿದವರು. ಇದರಲ್ಲಿ ಕೆಸರಿಲ್ಲ. ಉಸುಕಿದೆ, ಕುಡಿಯಲಾಗದ ನದಿಯಿದೆ. ನಾನು ಆ ನದಿಯ ದಂಡೆಯಲ್ಲಿದ್ದೆ. ಇದು ಪುಸ್ತಕಗಳಲ್ಲಿ ಇಲ್ಲ."

ನಾನು ನೆಲ ನೋಡುತ್ತ ನಿಂತೆ.

"ಇದನ್ನು ಹೇಳಿದವನು ಬದುಕಿದ್ದಾನೆಯೇ?"

"ಗೊತ್ತಿಲ್ಲ, ಸರ್."

ಅವರು ಕಾಗದವನ್ನು ತಮ್ಮ ಕಡೆ ಎಳೆದುಕೊಂಡರು. "ಒಳ್ಳೆಯದು. ಗೊತ್ತಿಲ್ಲದಿರುವುದೇ ಒಳ್ಳೆಯದು," ಎಂದು ಲೇಖಣಿ ತೆಗೆದು ನನ್ನ ಅಭಿಪ್ರಾಯದ ಕೆಳಗೆ ಒಪ್ಪಿಗೆಯ ರುಜು ಹಾಕಿದರು.

ಅಂದು ಮನೆಗೆ ಹೋಗುವಾಗ ಹಗುರವೆನಿಸಿತ್ತು. ಪೊಲೀಸರು ಕೆಲಗೇರಿಗೆ ಹೋಗಲಿಲ್ಲ. ಯಾರೂ ಬಸಪ್ಪನನ್ನು ಕರೆಯಲಿಲ್ಲ. ಗುರುನಾಥನ ನೌಕರಿ ಉಳಿಯಿತು.

ಆದರೆ ಕಾರ್ಬನ್ ಪ್ರತಿಗಳಿದ್ದವು. ಒಂದು ಪ್ರತಿ, ಮಾಸ್ತರರ ಮೇಲೆ ಕಳಂಕವಿಲ್ಲವೆಂದು ತಿಳಿಸಲು, ಅವನ ಶಾಲೆಯ ಆಡಳಿತದವರಿಗೆ ಹೋಯಿತು. ಹೆಡ್‌ಮಾಸ್ತರರು ಸದುದ್ದೇಶದಿಂದಲೇ ಅದನ್ನು ಎಲ್ಲ ಮಾಸ್ತರರ ಮುಂದೆ ಓದಿದರು. ಇನ್ನೊಂದು ಪ್ರತಿ ಹುಬ್ಬಳ್ಳಿಯ ಮಾಸಿಕದ ಸಂಪಾದಕರಿಗೆ ಹೋಯಿತು. ಅವರು ಹೆದರಿದ್ದರು. ಮುಂದಿನ ಸಂಚಿಕೆಯಲ್ಲಿ ಚೌಕಟ್ಟು ಹಾಕಿ ಅಚ್ಚು ಮಾಡಿದರು: 'ಬಂದವರು' ಕವಿತೆಯನ್ನು ಸರಕಾರದ ಭಾಷಾಂತರಕಾರರು ಪರೀಕ್ಷಿಸಿ, ಅದು ಪರಕೀಯ ಕಾವ್ಯದ ನಿರುಪದ್ರವಿ ಅನುಕರಣೆಯೆಂದು ಅಭಿಪ್ರಾಯಪಟ್ಟಿದ್ದಾರೆ.

ಅದು ಎಂಥ ಕಾಲವೆಂದು ಈಗಿನವರಿಗೆ ಹೇಳಬೇಕು. ಚಲೇಜಾವ್ ಚಳವಳಿ ಎದ್ದಿತ್ತು. ಹಾಡು ಬರೆದವರನ್ನು, ಹಾಡಿದವರನ್ನು ಹಿಡಿದು ಒಯ್ಯುತ್ತಿದ್ದರು. ಹಿಂಡಲಗಿ ಜೇಲಿಗೆ ಹೋಗಿ ಬಂದ ಕವಿಗೆ ಊರಲ್ಲಿ ಹಾರ ಹಾಕುತ್ತಿದ್ದರು. ಅಂಥ ದಿನಗಳಲ್ಲಿ ಸರಕಾರವೇ ನಿರುಪದ್ರವಿ ಎಂದು ಬರೆದು ಕೊಟ್ಟ ಕವಿ ಗುರುನಾಥನೊಬ್ಬನೇ.

ಆ ವರ್ಷದ ಕೊನೆಗೆ ಮಾಳಮಡ್ಡಿಯ ಒಂದು ವಾಡೆಯಲ್ಲಿ ಕವಿಗೋಷ್ಠಿ ನಡೆಯಿತು. ನಾನೂ ಹೋಗಿದ್ದೆ. ಗುರುನಾಥ ಎದ್ದು ಕಾಗದ ಬಿಚ್ಚಿದ. ಓದುವ ಮೊದಲೇ ಹಿಂದಿನಿಂದ ಒಂದು ದನಿ ಬಂತು: "ಸರಕಾರಿ ಮುದ್ರಿ ಒತ್ತಿಸ್ಕೊಂಡು ಬಂದೀರೋ, ಇನ್ನ ಒತ್ತಸಬೇಕೋ?"

ಜನ ನಕ್ಕರು. ಅಧ್ಯಕ್ಷರು ಸುಮ್ಮನಿರಿ ಎನ್ನುವಂತೆ ಕೈ ಎತ್ತಿದರು. ಆದರೆ ಅವರ ತುಟಿಯಲ್ಲೂ ನಗೆಯಿತ್ತು. ಇನ್ನೊಬ್ಬ, "ಇಂಗ್ಲಿಷರ ಎಂಜಲಾ ಇಂಗ್ಲಿಷರ ಯಾಕ ಜಪ್ತ ಮಾಡ್ಯಾರು?" ಎಂದ. ಈ ಸಲ ನಗೆ ಇನ್ನೂ ಜೋರಾಯಿತು. ನಾನು ಎದ್ದು ನಿಂತು ಹೇಳಬಹುದಾಗಿದ್ದದ್ದು ಒಂದೇ ಮಾತು: ಈ ಕವಿತೆ ಕೆಲಗೇರಿಯಲ್ಲಿ ಕಟ್ಟೆಯ ಮೇಲೆ ಕೂತಿರುವ ಮನುಷ್ಯನದು ಎಂದು. ಆ ಸಭೆಯಲ್ಲಿ ಹೇಳಿದ್ದು ಮರುದಿನವೇ ಕಚೇರಿ ತಲುಪುತ್ತಿತ್ತು. ತಲುಪಿಸುವವರು ಯಾರೆಂಬುದೂ ನನಗೆ ಗೊತ್ತಿತ್ತು. ಗುರುನಾಥ ಸಭೆಯಲ್ಲಿ ನನ್ನನ್ನು ಹುಡುಕಿ ನೋಡಿದ. ಏಳಬೇಡಿರಿ ಎನ್ನುವ ಹಾಗೆ ತಲೆಯನ್ನು ತುಸುವೇ ಅಲ್ಲಾಡಿಸಿದ. ಕಾಗದ ಮಡಚಿ ಕೂತ.

ಕೆಲವು ದಿನಗಳ ಮೇಲೆ ಅವನು ನನ್ನ ಮನೆಗೆ ಬಂದ. ನನ್ನ ಹೆಂಡತಿ ಅವಲಕ್ಕಿ ಕೊಟ್ಟಳು, ಮುಟ್ಟಲಿಲ್ಲ.

"ಬೈಯಾಕ ಬಂದಿಲ್ಲರಿ," ಎಂದ. "ನೀವು ಅಣ್ಣನ್ನ ಉಳಿಸಿದ್ರಿ. ನಾನ ನಿಮ್ಮ ಜಾಗಾದಾಗ ಇದ್ರ ಅದನ್ನ ಮಾಡತಿದ್ನಿ. ಒಂದು ಕೇಳಬೇಕಾಗಿತ್ತು. ಅದನ್ನ ಇಂಗ್ಲಿಷಿಗೆ ಮಾಡಿದ್ರೆಲ್ಲಾ, ಹೆಂಗ ಬಂತು? ಒಮ್ಮೆ ಹೇಳ್ರಿ."

ನನಗೆ ಬಾಯಿಗೆ ಬರುತ್ತಿತ್ತು. ಹೇಳಿದೆ. ಅವನು ಕಣ್ಣು ಮುಚ್ಚಿ ಕೇಳಿದ. ಮುಗಿದ ಮೇಲೆ, "ಛಲೋ ಆಗೇತ್ರಿ," ಎಂದ. "ಇಂಗ್ಲಿಷಿನಾಗ ಕೇಳಿದ್ರ ಖರೇನ ಅವರದ್ದ ಅನಸ್ತೈತಿ."

"ಗುರುನಾಥ ಅವರ, ಬರಿಯೂದು ಬಿಡಬ್ಯಾಡ್ರಿ."

"ಬರಿಯೂದು ಆಮ್ಯಾಲಿಂದ ಮಾತ್ರಿ," ಎಂದ. ದನಿ ಏರಲಿಲ್ಲ, ಇಳಿಯಲಿಲ್ಲ. "ಏನಾಗೇತಿ ಹೇಳ್ಲೇನು? ಅಣ್ಣ ಸಂಜಿಕ ಕುಂತು ಮಾತಾಡ್ತಾನ. ಹೊಳಿ ಅಂತಾನ, ಉಸಕು ಅಂತಾನ. ನನಗ ಪುಸ್ತಕಾ ಓದಿದಂಗ ಕೇಳಸ್ತೈತಿ. ಈ ಸಾಲು ಛಲೋ ಐತಿ, ಇದನ್ನ ಎಲ್ಲೋ ಓದೇನಿ ಅನಸ್ತೈತಿ. ಮೊದಲ ಕೇಳಸ್ತಿದ್ದಿಲ್ಲ, ಆಮ್ಯಾಲೆ ಕೇಳಿಸ್ತು, ಈಗ ಹಿಂಗ. ಆ ಮಂದಿ ನಕ್ಕಿದ್ದಲ್ಲರಿ ನನಗ ಹತ್ತಿದ್ದು. ಇದು ಹತ್ತೇತಿ."

ಅವನು ಎದ್ದು ಹೋದ. ಆಮೇಲೆ ಅವನ ಹೆಸರು ಯಾವ ಪತ್ರಿಕೆಯಲ್ಲೂ ನನ್ನ ಮೇಜಿಗೆ ಬರಲಿಲ್ಲ. ಹೊಸ ಸಂಚಿಕೆ ಬಂದಾಗಲೆಲ್ಲ ಮೊದಲು ಪರಿವಿಡಿ ನೋಡುವುದು ನನಗೆ ಚಟವಾಯಿತು. ಅದು ಸರಕಾರಕ್ಕಾಗಿ ನೋಡಿದ್ದಲ್ಲ.

ನಾನು ಆ ವರದಿ ಬರೆಯಬಾರದಾಗಿತ್ತೇ ಎಂದು ಕೇಳುವವರಿಗೆ ಹೇಳುತ್ತೇನೆ: ಇಂದು ಕೂತರೂ ಅದನ್ನೇ ಬರೆಯುತ್ತೇನೆ. ನೀಲವ್ವನಿಗೆ ಕೊಟ್ಟ ಮಾತು ದೊಡ್ಡದು. ಆದರೆ ಬರೆದದ್ದರ ಬೆಲೆ ಏನೂ ಇರಲಿಲ್ಲವೆಂದು ಯಾರಾದರೂ ಹೇಳಿದರೆ ಅವರನ್ನು ನನ್ನ ಮನೆಗೆ ಬರಬೇಡಿರೆಂದು ಹೇಳುತ್ತೇನೆ.

ಯುದ್ಧ ಮುಗಿಯಿತು. ಸಾಹೇಬರು ತಮ್ಮ ದೇಶಕ್ಕೆ ಹೋದರು. ಹೋಗುವ ಮುನ್ನ ನನ್ನ ಕೈ ಕುಲುಕಿದರು, ಆ ಕವಿತೆಯ ಮಾತೆತ್ತಲಿಲ್ಲ. ಬಾಪೂರಾಯರು ನಿವೃತ್ತರಾಗಿ ವರ್ಷ ತುಂಬುವ ಮೊದಲೇ ತೀರಿಕೊಂಡರು. ಹುಬ್ಬಳ್ಳಿಯ ಸ್ಟೇಶನ್ನಿನಲ್ಲಿ ಈ ಸಲದ ಸಿಪಾಯಿಗಳು ಇಳಿದರು. ಬರ್ಮಾದಿಂದ, ಇಟಲಿಯಿಂದ ಬಂದವರು. ಟ್ರಂಕು ತಲೆಯ ಮೇಲೆ ಹೊತ್ತು, ಯಾರೂ ಕಾಯದ ಪ್ಲಾಟ್‌ಫಾರ್ಮಿನಲ್ಲಿ ತಮ್ಮ ಹಳ್ಳಿಯ ಬಸ್ಸು ಎಲ್ಲಿ ನಿಲ್ಲುತ್ತದೆಂದು ಕೇಳುತ್ತಿದ್ದರು. ಅವರ ಬಗ್ಗೆ ಯಾರೂ ಏನೂ ಬರೆಯಲಿಲ್ಲ. ನನಗೆ ಓದುವ ಕೆಲಸವೂ ಕಡಿಮೆಯಾಯಿತು.

ಬಸಪ್ಪ ತೀರಿಕೊಂಡ ಸುದ್ದಿ ಕೇಳಿ ಕೆಲಗೇರಿಗೆ ಹೋದೆ. ನೀಲವ್ವ ಒಳಗಿನಿಂದ ಬಂದು ಕೂತಳು. "ಕಡೀ ಕಡೀಕ ಒಂದ ಸವನ ಮಾತಾಡಿದ್ರು ನೋಡ್ರಿ," ಎಂದಳು. "ನನಗ ಅದೇನು ತಿಳೀತೈತ್ರಿ? ಈತ ಸಾಲಿಗೆ ರಜಾ ಹಾಕಿ ಬಾಜೂಕ ಕುಂತಿದ್ದ."

ಗುರುನಾಥನ ತಲೆ ಬೋಳಿಸಿತ್ತು. ಮುಖದಲ್ಲಿ ಎಂದೂ ಕಾಣದ ಸಮಾಧಾನವಿತ್ತು.

"ಬರ್ಕೊಂಡ್ರೇನು?" ಎಂದೆ. ಕೇಳಬಾರದಾಗಿತ್ತು, ಬಾಯಿಂದ ಬಂದುಬಿಟ್ಟಿತು.

"ಇಲ್ಲರಿ. ಕೇಳಿದ್ನಿ," ಎಂದ. "ಈ ಸಲ ಅಣ್ಣನ ದನೀನ ಕೇಳಿಸಿತ್ರಿ."

ಸ್ವಾತಂತ್ರ್ಯ ಬಂದು ಹದಿನೈದು ವರ್ಷಗಳ ಮೇಲೆ ನಾನು ನಿವೃತ್ತನಾದೆ. ಅಷ್ಟರಲ್ಲಿ ಕನ್ನಡದಲ್ಲಿ ಹೊಸ ಬಗೆಯ ಕವಿತೆ ಎಲ್ಲೆಡೆ ಕಾಣತೊಡಗಿತ್ತು. ಪ್ರಾಸ ಬಿಟ್ಟದ್ದು, ನಂಬಿಕೆ ಬಿಟ್ಟದ್ದು. ಆ ದಿನಗಳಲ್ಲಿ ಒಬ್ಬ ತರುಣ ಅಧ್ಯಾಪಕ ನನ್ನನ್ನು ಹುಡುಕಿಕೊಂಡು ಬಂದ. ಯುದ್ಧಾನಂತರದ ಇಂಗ್ಲಿಷ್ ಕಾವ್ಯ ನಮ್ಮ ಮೇಲೆ ಬೀರಿದ ಪ್ರಭಾವದ ಬಗ್ಗೆ ಪ್ರಬಂಧ ಬರೆಯುತ್ತಿದ್ದ. ಹುಬ್ಬಳ್ಳಿಯ ಆ ಮಾಸಿಕದ ಎರಡೂ ಸಂಚಿಕೆಗಳು ಅವನಿಗೆ ಸಿಕ್ಕಿದ್ದವು.

"ಸರ್, ಈ ಅಭಿಪ್ರಾಯ ಕೊಟ್ಟವರು ನೀವೇ ಅಂತ ಗೊತ್ತಾತು," ಎಂದ, ಕಣ್ಣರಳಿಸಿ. "ಇದು ಅನುಕರಣ ಅಂತ ಅಷ್ಟು ಹಿಂದನ ಗುರುತಿಸಿದವ್ರು ನೀವೊಬ್ಬರ."

ನಾನು ನಡೆದದ್ದನ್ನೆಲ್ಲ ಹೇಳಿದೆ. ಇನ್ನು ಯಾರ ಪಿಂಚಣಿಗೂ ಭಯವಿರಲಿಲ್ಲ. ಅವನು ತಾಳ್ಮೆಯಿಂದ ಕೇಳಿದ. "ಇದಕ್ಕ ಏನರ ಆಧಾರ ಅದನ್ರಿ ಸರ್? ನೀವು ಬರದದ್ದು ಅಚ್ಚಿನ್ಯಾಗ ಅದ. ಈಗ ಹೇಳೂದು ಬ್ಯಾರೆ ಅದ."

"ಕೆಲಗೇರಿಗೆ ಹೋಗಿ ಗುರುನಾಥ ಮಾಸ್ತರನ್ನ ಕೇಳ್ರಿ," ಎಂದೆ.

ಅವನು ಹೋಗಿ ಬಂದ. "ಅವರ ಒಪ್ಪಿಕೊಂಡ್ರು ಸರ್. ಪುಸ್ತಕಾ ಓದಿ ಬರದದ್ದು, ಅನುಕರಣ ಹೌದು ಅಂದ್ರು," ಎಂದ. ನನ್ನ ಬಗ್ಗೆ ಅವನಿಗೆ ಕನಿಕರ ಹುಟ್ಟಿದ್ದು ಅವನ ಮುಖದಲ್ಲಿ ಕಾಣುತ್ತಿತ್ತು. ಮುದುಕರಿಗೆ ನೆನಪು ಕಲಸಿಹೋಗುತ್ತದೆ ಎಂದುಕೊಂಡಿರಬೇಕು.

ಮರುದಿನವೇ ನಾನು ಕೆಲಗೇರಿಗೆ ಹೋದೆ. ಗುರುನಾಥ ಮಕ್ಕಳ ಪಾಟಿಗಳನ್ನು ತಿದ್ದುತ್ತಿದ್ದ.

"ಯಾಕ ಹಂಗ ಹೇಳಿದ್ರಿ?" ಎಂದೆ. ಸಿಟ್ಟು ಬಂದಿತ್ತು.

ಅವನು ಪಾಟಿಯನ್ನು ಕೆಳಗಿಟ್ಟ. "ಆ ಹುಡುಗ ಛಲೋ ಅದಾನ್ರಿ. ಖರೇ ಹೇಳಿದ್ರ ಅಣ್ಣನ ಹೆಸರು ಬರ್ಕೊಂತಿದ್ದ. ಅಣ್ಣನ ಮಾತು ಬಿ.ಎ. ಹುಡುಗರಿಗೆ ಪಾಠಾ ಆಗ್ತಿತ್ತು. ಪರೀಕ್ಷಾದಾಗ ಪ್ರಶ್ನಿ ಬರತಿತ್ತು." ಕೈಗೆ ಹತ್ತಿದ ಬಳಪದ ಪುಡಿ ಒರೆಸಿಕೊಂಡ. "ಅಣ್ಣ ಹೇಳಿದ್ದನ್ನ ನಾ ಪೂರಾ ಕೇಳೇನಿ. ಅಷ್ಟ ಸಾಕ್ರಿ, ರಾಯರ. ಕವಿತಾ ಆ ಇಂಗ್ಲಿಷರದ್ದ ಇರಲಿ ಬಿಡ್ರಿ."

ಅವನೂ ಈಗಿಲ್ಲ. ಅದಕ್ಕೇ ಇದನ್ನು ಬರೆದಿದ್ದೇನೆ. ಹೆಸರುಗಳನ್ನು ಮಾತ್ರ ಬದಲಿಸಿದ್ದೇನೆ. ಆ ತರುಣನ ಪ್ರಬಂಧ ಅಚ್ಚಾಯಿತು, ಒಂದು ಪ್ರತಿ ನನಗೂ ಕಳಿಸಿದ. ಒಳ್ಳೆಯ ಭಾಷೆ, ಶ್ರಮಪಟ್ಟ ಬರವಣಿಗೆ. ಅದರ ನಡುವಿನ ಒಂದು ಪುಟದಲ್ಲಿ ನಿರುಪದ್ರವಿ ಅನುಕರಣೆ ಎಂಬ ನನ್ನ ವಾಕ್ಯ ಉದ್ಧರಣ ಚಿಹ್ನೆಗಳೊಳಗೆ ಹಾಗೆಯೇ ಇದೆ, ಒಂದಕ್ಷರವೂ ತಪ್ಪಿಲ್ಲ.